ಲಾರಿಯ ಬೆನ್ನಿಗೂ ಬೆಳಕು ಬೇಕು

ಮುಂದಿನ ದಾರಿಗೆ ಬೆಳಕು ಒದಗಿಸಿಕೊಳ್ಳುವ ವಿಷಯದಲ್ಲಿ ನಮ್ಮ ಲಾರಿಗಳ ಮಾಲೀಕರೂ ಚಾಲಕರೂ ತೋರುವ ಉತ್ಸಾಹಕ್ಕೆ ಮಿತಿಯೆಂಬುದಿಲ್ಲ. ಬಂಪರಿನ ಮೇಲೊಂದು ಸಾಲು, ಕ್ಯಾಬಿನ್ನಿನ ನೆತ್ತಿಯಲ್ಲೊಂದು ಸಾಲು, ದೇವರ ಪಟದ ಸುತ್ತ ಮಿಣುಕುವ ಮತ್ತೊಂದು ಸರ, ಹೀಗೆ ಆವಶ್ಯಕತೆಯೂ ಅಲಂಕಾರವೂ ಬೇರ್ಪಡಿಸಲಾಗದಂತೆ ಬೆರೆತು, ರಾತ್ರಿಯ ಹೆದ್ದಾರಿಯಲ್ಲಿ ಲಾರಿಯ ಮುಖವು ಜಾತ್ರೆಯ ತೇರಿನಂತೆ ಬೆಳಗುತ್ತಿರುತ್ತದೆ. ಆದರೆ ಆ ಲಾರಿಯೇ ಹತ್ತಾರು ಟನ್ ಸರಕನ್ನು ಹೊತ್ತು, ನಡುರಾತ್ರಿಯಲ್ಲಿ, ಮೂಟೆಗಳ ಸಾಲುಗಳ ನಡುವಣ ಇಕ್ಕಟ್ಟಿನಲ್ಲಿ, ಮನುಷ್ಯರು ನಿಂತಿರಲೂಬಹುದಾದ, ದಣಿದು ಮಲಗಿರಲೂಬಹುದಾದ ಎಡೆಯತ್ತ ಹಿಂದು ಹಿಂದಕ್ಕೆ ಸರಿಯತೊಡಗಿದಾಗ, ಅದರ ಬೆನ್ನಿನಲ್ಲಿ ಉರಿಯುವುದು 21 ವಾಟಿನ ಒಂದೋ ಎರಡೋ ಬಲ್ಬು, ಅದೂ ಸುಟ್ಟುಹೋಗಿರದಿದ್ದರೆ. ಆ ಬಲ್ಬು ಹೊಸದಾಗಿದ್ದಾಗ ಕೊಡುವ ಬೆಳಕು ಸುಮಾರು 460 ಲ್ಯೂಮೆನ್, ಎಂದರೆ ಹಿಂದಿನ ಕಾಲದ ಮನೆಗಳಲ್ಲಿ ನಡುಮನೆಗೂ ಸಾಲದೆ ಬಚ್ಚಲಿಗೆ ಹಾಕುತ್ತಿದ್ದ 40 ವಾಟಿನ ಬಲ್ಬಿನ ಬೆಳಕಿನಷ್ಟು. ಅಷ್ಟೂ ಬೆಳಕು ಕೆಸರು, ಗ್ರೀಸು, ಧೂಳುಗಳ ಲೇಪವನ್ನು ದಾಟಿ ಹೊರಬರಬೇಕು. ಆದಕಾರಣ, ಲಾರಿಗಳ ಹಿಂಭಾಗಕ್ಕೆ ಹೆಚ್ಚುವರಿ ರಿವರ್ಸ್ ದೀಪಗಳನ್ನು ಕೂಡಿಸಿಕೊಳ್ಳುವ ಪದ್ಧತಿಯನ್ನು ಶೋಕಿಯೆಂದು ತಳ್ಳಿಹಾಕತಕ್ಕದ್ದಲ್ಲ. ಅದನ್ನು ಸುರಕ್ಷಾಸಾಧನವೆಂದೇ ಒಪ್ಪಿಕೊಂಡು, ಆ ದೀಪವು ರಿವರ್ಸ್ ಗೇರಿಗೆ ಮಾತ್ರ ಅಧೀನವಾಗಿರಬೇಕೆಂಬ ಒಂದೇ ಷರತ್ತಿನ ಮೇಲೆ ಸರ್ಕಾರವು ಅದಕ್ಕೆ ಸ್ಪಷ್ಟವಾದ ಮಾನ್ಯತೆಯನ್ನು ಕೊಡಬೇಕು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನಗಳು. ಸುಗ್ಗಿಯ ತಿಂಗಳುಗಳಲ್ಲಿ ಹಿಂದಿನ ರಾತ್ರಿಯೇ ವಾಹನಗಳು ಬಂದು ಸಾಲುಗಟ್ಟುತ್ತವೆ. ಅಂಥ ಮಾರುಕಟ್ಟೆಯೊಂದರಲ್ಲಿ ಲಾರಿಯು ದಲಾಲಿ ಅಂಗಡಿಯ ಮುಂದಣ ಕಟ್ಟೆಗೆ ಹಿಂಬದಿಯನ್ನು ಹಚ್ಚಬೇಕಾದಾಗ ನಡೆಯುವ ವ್ಯವಹಾರವನ್ನು ಗಮನಿಸಬೇಕು. ಚಾಲಕನು ಕಿಟಕಿಯಿಂದ ಕುತ್ತಿಗೆಯನ್ನು ಹೊರಚಾಚಿ, ಒಂದು ಕಣ್ಣನ್ನು ಕನ್ನಡಿಯಲ್ಲಿಯೂ ಎರಡು ಕಿವಿಗಳನ್ನು ಹಿಂದುಗಡೆಯೂ ಇರಿಸಿಕೊಂಡು, ಕ್ಲಚ್ಚಿನ ಮೇಲಣ ಪಾದವನ್ನು ಕೂದಲೆಳೆಯಷ್ಟು ಸಡಿಲಿಸುತ್ತಾನೆ. ಕ್ಲೀನರನು ಹಿಂದೆ ಒಂದು ಮಗ್ಗುಲಿಗೆ ನಿಂತು ‘ಬರ್ಲಿ, ಬರ್ಲಿ, ಇನ್ನೂ ಬರ್ಲಿ’ ಎಂದು ರಾಗವಾಗಿ ಕೂಗುತ್ತ, ಅಂತರವು ಮೊಳಕ್ಕಿಳಿದ ಕೂಡಲೆ ‘ಸಾಕ್ ಸಾಕ್’ ಎಂದು ಬಾಡಿಯ ಹಲಗೆಯನ್ನು ಅಂಗೈಯಿಂದ ಎರಡು ಸಲ ಬಡಿಯುತ್ತಾನೆ. ನಮ್ಮ ಸರಕುಸಾಗಣೆಯ ಅತ್ಯಂತ ಪ್ರಾಚೀನವಾದ ರಿವರ್ಸ್ ಸೆನ್ಸರ್ ಎಂದರೆ ಈ ಬಡಿತವೇ. ಅದರ ನಿಷ್ಠೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕನ್ನಡಿಗೆ ಕಾಣದ ಜಾಗದಲ್ಲಿ, ಕತ್ತಲಲ್ಲಿ, ಗೋಡೆಗೂ ಲಾರಿಗೂ ನಡುವೆ ನಿಂತು ಪರರನ್ನು ಕಾಯುವ ಆ ಹುಡುಗನೇ, ಕಾಲು ಜಾರಿದರೆ, ಲಾರಿಗೆ ಮೊದಲು ಸಿಕ್ಕತಕ್ಕವನೆಂಬುದನ್ನು ಮರೆಯಲಾಗದು.

ಈಗ ಆ ಹುಡುಗನೂ ವಿರಳನಾಗುತ್ತಿದ್ದಾನೆ. ಅಲ್ಪ ವೇತನಕ್ಕೆ ತಿಂಗಳುಗಟ್ಟಲೆ ಮನೆ ಬಿಟ್ಟು ಲಾರಿಯಲ್ಲಿಯೇ ಉಂಡು ಮಲಗುವ ಬಾಳಿಗೆ ಹೊಸ ತಲೆಮಾರಿನವರು ಒಪ್ಪುತ್ತಿಲ್ಲ. ಬಾಡಿಗೆಯ ಲೆಕ್ಕಾಚಾರದಲ್ಲಿ ಅವನ ಬತ್ತೆಯನ್ನೇ ಮೊದಲು ಕಡಿಯುವುದು ಮಾಲೀಕರಿಗೂ ರೂಢಿಯಾಗಿದೆ. ಇದರ ಜೊತೆಗೆ ಇನ್ನೊಂದು ಬದಲಾವಣೆ, ಸ್ವತಃ ಅತ್ಯಂತ ಶ್ಲಾಘ್ಯವಾದುದು, ಸದ್ದಿಲ್ಲದೆ ಬಂದು ಸೇರಿದೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನುಗಳಿಗೆ ಹವಾನಿಯಂತ್ರಣವು ಕಡ್ಡಾಯವಾಗಿದೆ. ಬೇಸಗೆಯ ಬಿಸಿಲಿನಲ್ಲಿ ಎಂಜಿನ್ನಿನ ಕಾವಿನ ಪಕ್ಕದಲ್ಲಿ ಕುಳಿತು ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿಯುವವನಿಗೆ ಈ ಅನುಕೂಲವು ಎಂದೋ ಸಲ್ಲಬೇಕಾಗಿತ್ತು. ಆದರೆ ಹವಾನಿಯಂತ್ರಣವೆಂದರೆ ಗಾಜು ಮೇಲೇರಿರುತ್ತದೆ. ಗಾಜು ಮೇಲೇರಿದರೆ ‘ಸಾಕ್ ಸಾಕ್’ ಎಂಬ ಕೂಗು ಹೊರಗೇ ಉಳಿಯುತ್ತದೆ. ಕಿವಿಯ ಕೆಲಸವು ಕಡಿಮೆಯಾದಷ್ಟೂ ಕಣ್ಣಿನ ಕೆಲಸ ಹೆಚ್ಚುತ್ತದೆ. ಕಣ್ಣಿಗೆ ಬೆಳಕು ಬೇಕು.

ಹೆಚ್ಚುವರಿ ದೀಪವನ್ನು ಕೂಡಿಸುವ ಕೆಲಸವು ನೋಡುವುದಕ್ಕೆ ಸುಲಭವಾದ್ದರಿಂದಲೇ ಬಹುಮಟ್ಟಿಗೆ ಕೆಡುತ್ತದೆ. ಗೇರ್‌ಬಾಕ್ಸಿನ ಮೇಲೆ ಸಣ್ಣದೊಂದು ಸ್ವಿಚ್ಚಿರುತ್ತದೆ. ಚಾಲಕನು ರಿವರ್ಸ್ ಹಾಕಿದಾಗ ಅದು ಅದುಮಿಕೊಂಡು ಹಿಂಬದಿಯ ಬಲ್ಬಿಗೆ ವಿದ್ಯುತ್ತು ಹರಿಯುತ್ತದೆ. ಹೆದ್ದಾರಿ ಬದಿಯ ಎಲೆಕ್ಟ್ರಿಷಿಯನ್ನನು ಮಾಡುವುದೇನೆಂದರೆ, ಆ ಬಲ್ಬಿನ ವೈರನ್ನು ಹಲ್ಲಿನಿಂದ ಸುಲಿದು, ಹೊಸ ದೀಪದ ವೈರನ್ನು ಅದಕ್ಕೆ ಹೊಸೆದು, ಟೇಪು ಸುತ್ತಿ ಕಳುಹಿಸುವುದು. ನಮ್ಮ ದೊಡ್ಡ ಲಾರಿಗಳದು 24 ವೋಲ್ಟಿನ ವ್ಯವಸ್ಥೆ. 70 ವಾಟಿನ ಎರಡು ಹ್ಯಾಲೋಜನ್ ದೀಪಗಳನ್ನು ಹೀಗೆ ಹೊಸೆದರೆ ಸುಮಾರು 6 ಆಂಪಿಯರಿನ ಹೊಸ ಹೊರೆಯು, ಎರಡು ಪುಟ್ಟ ಬಲ್ಬುಗಳಿಗೆಂದು ಅಳೆದಿಟ್ಟ ತೆಳುವಾದ ವೈರಿನ ಮೇಲೆಯೂ ಆ ಚಿಕ್ಕ ಸ್ವಿಚ್ಚಿನ ಮೇಲೆಯೂ ಬೀಳುತ್ತದೆ. ಸ್ವಿಚ್ಚಿನ ಸಂಪರ್ಕಗಳು ಸುಟ್ಟುಹೋದರೆ ಹೊಸ ದೀಪದೊಡನೆ ಹಳೆಯ ದೀಪವೂ ಹೋಯಿತು. ಫ್ಯೂಸು ಹೋದರೆ ಅದರ ಜಾಗದಲ್ಲಿ ತಾಮ್ರದ ಎಳೆಯನ್ನು ಸುತ್ತುವ ಜಾಣರಿದ್ದಾರೆ, ಆ ಜಾಣತನದ ಕೊನೆ ಚಾಸಿಯ ಕೆಳಗಿನ ಬೆಂಕಿ.

ಸರಿಯಾದ ಕ್ರಮಕ್ಕೆ ಬೇಕಾದುದು ರಿಲೇ ಎಂಬ, ಮುಷ್ಟಿಯೊಳಗೆ ಅಡಗುವ ಒಂದು ಡಬ್ಬಿ. ರಿವರ್ಸ್ ಬಲ್ಬಿನಿಂದ ಬರುವ ವೈರು ಅದರ 86ನೆಯ ಕಾಲಿಗೆ, 85ನೆಯದರಿಂದ ಚಾಸಿಗೆ ಅರ್ತು, ಬ್ಯಾಟರಿಯಿಂದ ಪ್ರತ್ಯೇಕವಾದ ಫ್ಯೂಸಿನ ಮೂಲಕ ಬರುವ ದಪ್ಪ ವೈರು 30ನೆಯದಕ್ಕೆ, ಅಲ್ಲಿಂದ 87ರ ಮೂಲಕ ದೀಪಕ್ಕೆ. ಹೀಗೆ ಮಾಡಿದಾಗ ಗೇರ್‌ಬಾಕ್ಸಿನ ಸ್ವಿಚ್ಚು ಆಜ್ಞೆಯನ್ನು ಮಾತ್ರ ಕೊಡುತ್ತದೆ, ಹೊರೆಯನ್ನು ಹೊರುವುದಿಲ್ಲ. ಹ್ಯಾಲೋಜನ್ನಿನ ಬದಲು 18 ವಾಟಿನ ಎರಡು ಎಲ್‌ಇಡಿ ದೀಪಗಳನ್ನು ಆರಿಸಿಕೊಂಡರೆ ಹೊಸ ಹೊರೆಯೇ ಒಂದೂವರೆ ಆಂಪಿಯರಿಗೆ ಇಳಿಯುತ್ತದೆ, ಬೆಳಕಾದರೋ ಲಾರಿಯ ಮೂಲ ಬಲ್ಬುಗಳದರ ಮೂರು ಪಟ್ಟಿಗೂ ಮೇಲಾಗುತ್ತದೆ. ಈ ಎಲ್ಲಕ್ಕೂ ತಗಲುವ ವೆಚ್ಚವು ಒಂದು ಹೊಸ ಟೈರಿನ ಬೆಲೆಯ ಅತ್ಯಲ್ಪ ಭಾಗ.

ಇಲ್ಲಿ ಒಂದು ದುರಭ್ಯಾಸವನ್ನು ಕುರಿತು ಹೇಳಲೇಬೇಕು. ಲಾರಿಯಲ್ಲಿರುವುದು 12 ವೋಲ್ಟಿನ ಎರಡು ಬ್ಯಾಟರಿಗಳು, ಸರಣಿಯಾಗಿ ಜೋಡಿಸಿದವು. ಕಾರಿಗೆಂದು ಮಾಡಿದ ಅಗ್ಗದ ದೀಪವನ್ನು ತಂದು, ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರು ಎಳೆದು ಉರಿಸುವುದು ಟೇಪ್ ರೆಕಾರ್ಡರಿನ ಕಾಲದಿಂದಲೂ ನಡೆದುಬಂದ ಉಪಾಯ. ಇದರಿಂದ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಮಿತಿಮೀರಿ ತುಂಬಿ ಕುದಿಯುತ್ತದೆ. ಎರಡೂ ಅಕಾಲದಲ್ಲಿ ಸಾಯುತ್ತವೆ. ದೀಪದಲ್ಲಿ ಉಳಿಸಿದ ಹಣವು ಬ್ಯಾಟರಿ ಅಂಗಡಿಗೆ ಸೇರುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ವಾಹನಗಳಲ್ಲಂತೂ ವಿದ್ಯುನ್ಮಾನ ನಿಯಂತ್ರಣವು ಬಹುವಾಗಿ ಹೆಚ್ಚಿರುವುದರಿಂದ ಎಲ್ಲೆಂದರಲ್ಲಿ ವೈರು ಸುಲಿಯುವುದು ಹಿಂದಿನಷ್ಟು ನಿರಪಾಯವಲ್ಲ.

ದೀಪವನ್ನು ಯಾವ ಎತ್ತರದಲ್ಲಿ, ಯಾವ ಬಾಗಿನಲ್ಲಿ ಕೂಡಿಸಬೇಕೆಂಬುದು ಇನ್ನೊಂದು ವಿಚಾರ. ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿ, ಚಾಸಿಯ ಅಡ್ಡಪಟ್ಟಿಗೆ ಬಿಗಿದ ದೀಪವನ್ನು ಸುಮಾರು 10 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಅದರ ಬೆಳಕಿನ ನಡುಭಾಗವು 5 ಮೀಟರ್ ಹಿಂದೆ ನೆಲವನ್ನು ಮುಟ್ಟುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹಿಂದೆ ಸರಿಯುವ ಲಾರಿ ಸೆಕೆಂಡಿಗೆ ಸುಮಾರು 1.4 ಮೀಟರ್ ಕ್ರಮಿಸುತ್ತದೆಯಾಗಿ, ಕಂಡು ಬ್ರೇಕೊತ್ತಲು ಅಷ್ಟು ದೂರ ಸಾಕು. ಬಾಗಿಸದೆ ನೇರವಾಗಿ ಬಿಗಿದ ದೀಪವಾದರೋ ನೆಲವನ್ನು ತೋರಿಸದೆ, ದಾರಿ ತೋರಿಸುತ್ತ ನಿಂತವನ ಕಣ್ಣನ್ನೇ ಕುಕ್ಕಿ ಅವನನ್ನು ಕುರುಡಾಗಿಸುತ್ತದೆ. ಹಾಗೆಯೇ ದೀಪವು ಹಿಂಬದಿಯ ರಕ್ಷಾಪಟ್ಟಿಯಿಂದ ಹೊರಚಾಚಿರಬಾರದು. ಚಾಚಿದ್ದು ಮೊದಲ ಕಟ್ಟೆಗೇ ಬಲಿಯಾಗುತ್ತದೆ. ವಾಟರ್ ಸರ್ವಿಸಿನ ನೀರಿನ ರಭಸವನ್ನು ತಡೆಯುವ, ಭದ್ರವಾಗಿ ಮುಚ್ಚಿದ ಕವಚವೂ, ಬಣ್ಣ ಕೆರೆದು ಬಿಗಿದ ಅರ್ತೂ ಇಲ್ಲದ ದೀಪ ಒಂದು ಮಳೆಗಾಲವನ್ನು ದಾಟುವುದು ಕಷ್ಟ.

ಈ ಎಲ್ಲ ತಾಂತ್ರಿಕ ಲೋಪಗಳಿಗಿಂತಲೂ ಗುರುತರವಾದುದು ಡ್ಯಾಶ್‌ಬೋರ್ಡಿನ ಮೇಲೆ ಕೂಡಿಸುವ ಬೇರೆಯದೊಂದು ಸ್ವಿಚ್ಚು. ಗೇರಿನೊಡನೆ ಸಂಬಂಧವಿಲ್ಲದೆ ಚಾಲಕನ ಇಚ್ಛೆಯಂತೆ ಉರಿಯುವ ಹಿಂಬದಿಯ ದೀಪವು, ಹಿಂದಿನವನು ಹೈಬೀಮ್ ಹಾಕಿದನೆಂಬ ಸಿಟ್ಟಿಗೆ ಪ್ರತೀಕಾರದ ಆಯುಧವಾಗುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ, ಮಂಜಿನಲ್ಲಿ, ಹಿಂದೆ ಬರುವ ಬೈಕಿನವನ ಕಣ್ಣಿಗೆ ಅದು ಬಿದ್ದರೆ ಆಗುವ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಸಿಟ್ಟಿಲ್ಲದವರೂ ಆರಿಸುವುದನ್ನು ಮರೆತು ನೂರಾರು ಮೈಲಿ ಹಾಗೆಯೇ ಹೋಗುವುದುಂಟು. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ಕೈಗೊಂಡುದು ನ್ಯಾಯವೇ ಆಗಿತ್ತು. ಆದರೆ ಕಾರ್ಯಾಚರಣೆಯ ಭಯಕ್ಕೆ ಸಾಧುವಾದ ದೀಪವನ್ನೂ ಕಿತ್ತಿಡುವಂತಾದರೆ ಅದು ವಿವೇಕವಲ್ಲ. ದೀಪದ ಪ್ರಖರತೆಯಲ್ಲಿ ಅಪರಾಧವಿಲ್ಲ, ಅದು ಉರಿಯುವ ಸಂದರ್ಭದಲ್ಲಿದೆ.

ಈ ಭೇದವನ್ನು ಕಾನೂನು ಗುರುತಿಸಬಲ್ಲುದೆ? ಅನ್ಯತ್ರ ಗುರುತಿಸಿದೆ. ವಾಹನದೀಪಗಳ ಅಳವಡಿಕೆಯನ್ನು ಕುರಿತ ವಿಶ್ವಸಂಸ್ಥೆಯ 48ನೆಯ ನಿಯಮಾವಳಿಯು, 6 ಮೀಟರಿಗಿಂತ ಉದ್ದವಾದ ವಾಹನಗಳಿಗೆ ಎರಡು ರಿವರ್ಸ್ ದೀಪಗಳನ್ನು ಕಡ್ಡಾಯ ಮಾಡಿ, ಅವುಗಳ ಮೇಲೆ ಇನ್ನೆರಡನ್ನು ಐಚ್ಛಿಕವಾಗಿ ಕೂಡಿಸಿಕೊಳ್ಳಲು ಅವಕಾಶವಿತ್ತಿದೆ. ಬಣ್ಣವು ಬಿಳಿಯಾಗಿರಬೇಕು, ರಿವರ್ಸ್ ಗೇರು ಬಿದ್ದಾಗಲೇ ಉರಿಯಬೇಕೆಂಬುದು ಅದರ ಮೂಲ ನಿಬಂಧನೆ. ನಮ್ಮಲ್ಲಿ ಇದಕ್ಕೆ ಸಂವಾದಿಯಾದ ಎಐಎಸ್-008 ಮಾನಕವು ಪ್ರಧಾನವಾಗಿ ವಾಹನದ ತಯಾರಕನನ್ನು ಉದ್ದೇಶಿಸಿದ್ದು. ಲಾರಿ ಕೊಂಡು ಐದು ವರ್ಷವಾದ ಮೇಲೆ ದೀಪ ಕೂಡಿಸಬಯಸುವ ರಾಣೆಬೆನ್ನೂರಿನ ಮಾಲೀಕನ ಕೈಗೆ ಅದು ಎಟುಕುವುದಿಲ್ಲ. ಅವನ ಕಿವಿಗೆ ಬಿದ್ದಿರುವುದು ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ, ಮತ್ತು ತಯಾರಕನ ಮೂಲ ವಿನ್ಯಾಸವನ್ನು ಬದಲಿಸಬಾರದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು. ಆ 52ನೆಯ ಪ್ರಕರಣವು ನೋಂದಣಿ ಪತ್ರದ ವಿವರಗಳಿಗೆ ವಿರುದ್ಧವಾಗುವ ಮಾರ್ಪಾಡನ್ನು ನಿಷೇಧಿಸುತ್ತದೆಯೇ ಹೊರತು, ಒಂದು ದೀಪವನ್ನು ಅಡ್ಡಪಟ್ಟಿಗೆ ಬಿಗಿಯುವುದನ್ನಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಚೆಕ್‌ಪೋಸ್ಟಿನಲ್ಲಿ ನಿಂತ ಚಾಲಕನಿಗೆ ನನ್ನ ಅಭಿಪ್ರಾಯದಿಂದ ಪ್ರಯೋಜನವಿಲ್ಲ, ಅವನಿಗೆ ತೋರಿಸಲು ಒಂದು ಕಾಗದ ಬೇಕು.

ಕ್ಯಾಮೆರಾ ಬಂದಿರುವಾಗ ದೀಪದ ಚರ್ಚೆಯೇಕೆಂದು ಕೇಳುವವರುಂಟು. ಕಾರುಗಳಿಗೆ 2019ರ ಜುಲೈ 1ರಿಂದಲೇ ರಿವರ್ಸ್ ಸೆನ್ಸರ್ ಕಡ್ಡಾಯವಾಗಿದೆ. ಲಾರಿಗೂ ಬರಲಿ, ಕ್ಯಾಮೆರಾವೂ ಬರಲಿ. ಆದರೆ ಕತ್ತಲಿನಲ್ಲಿ ಕ್ಯಾಮೆರಾಕ್ಕೂ ಬೆಳಕು ಬೇಕು. ಮೇಲಾಗಿ ಕ್ಯಾಮೆರಾ ಚಾಲಕನೊಬ್ಬನಿಗೆ ಸುದ್ದಿ ಹೇಳುತ್ತದೆ. ನೆಲದ ಮೇಲೆ ಹರಡಿದ ಬೆಳಕು ಹಿಂದೆ ನಿಂತ ಹಮಾಲನಿಗೂ ಲಾರಿ ತನ್ನತ್ತ ಬರುತ್ತಿದೆಯೆಂದು ತಿಳಿಸುತ್ತದೆ. ದೇಶಭಕ್ತಿಗೀತೆಯನ್ನೋ ಚಿತ್ರಗೀತೆಯನ್ನೋ ನುಡಿಸುತ್ತ ಹಿಂದೆ ಬರುವ ವಾಹನಗಳ ವಿಷಯವನ್ನು ಇಲ್ಲಿ ಬಿಡೋಣ; ಆ ಸಂಗೀತಕ್ಕೆ ಅಭ್ಯಸ್ತವಾದ ಕಿವಿ ಅದನ್ನು ಎಚ್ಚರಿಕೆಯೆಂದು ಎಣಿಸುವುದನ್ನು ಬಿಟ್ಟು ಬಹುಕಾಲವಾಯಿತು.

ಟ್ರೇಲರುಗಳ ಸ್ಥಿತಿ ಇನ್ನೂ ಶೋಚನೀಯ. ಎಂಜಿನ್ ಭಾಗದ ರಿವರ್ಸ್ ದೀಪವು ಟ್ರೇಲರಿನ ಕೆಳಗೆ ಅಡಗಿಬಿಡುತ್ತದೆ. ಎರಡನ್ನೂ ಜೋಡಿಸುವ ಏಳು ಕಾಲಿನ ಸಾಮಾನ್ಯ ಕನೆಕ್ಟರಿನಲ್ಲಿ ಹಿಂದೀಪ, ಬ್ರೇಕ್ ದೀಪ, ಇಂಡಿಕೇಟರುಗಳಿಗೆ ಸ್ಥಾನವಿದೆ, ರಿವರ್ಸ್ ದೀಪಕ್ಕಿಲ್ಲ. ಅದಕ್ಕೆ ಎರಡನೆಯ ಕೇಬಲ್ಲೇ ಬೇಕು. ಅದಿಲ್ಲದ ಟ್ರೇಲರು ನವ ಮಂಗಳೂರು ಬಂದರಿನ ಸುತ್ತಲ ಗೋದಾಮುಗಳಲ್ಲಿಯೋ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿಯೋ ಇರುಳು ಹಿಂದೆ ಸರಿಯುವುದು ಪೂರ್ಣ ಅಂಧಕಾರದೊಳಕ್ಕೆ. ಹೆಚ್ಚುವರಿ ದೀಪದ ನಿಯಮವನ್ನು ಬರೆಯುವವರು ಟ್ರೇಲರಿನಿಂದಲೇ ಆರಂಭಿಸುವುದು ಉಚಿತ.

ಸಾರಿಗೆ ಇಲಾಖೆಗೆ ನನ್ನ ವಿಜ್ಞಾಪನೆ ಇಷ್ಟು. ಲಾರಿಯು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಎಫ್‌ಸಿಗೆ, ಎಂದರೆ ಅರ್ಹತಾಪತ್ರದ ತಪಾಸಣೆಗೆ, ಬರುತ್ತದೆ. ಆಗ ತಪಾಸಣೆಯ ಅಧಿಕಾರಿಯು ಚಾಲಕನಿಗೆ ರಿವರ್ಸ್ ಹಾಕೆಂದು ಹೇಳಿ ಹಿಂದೆ ಹೋಗಿ ನೋಡಲಿ, ದೀಪ ಉರಿಯಬೇಕು. ಗೇರು ತೆಗೆಯೆಂದು ಹೇಳಲಿ, ಆರಬೇಕು. ಬೇರೆ ಸ್ವಿಚ್ಚಿನಿಂದ ಉರಿಯುವ ದೀಪವಿದ್ದರೆ ಆ ಸ್ವಿಚ್ಚನ್ನು ಅಲ್ಲಿಯೇ ಕೀಳಿಸಲಿ, ದೀಪವನ್ನು ಉಳಿಸಲಿ. ಈ ಪರೀಕ್ಷೆಗೆ ಯಂತ್ರ ಬೇಡ, ಅರ್ಧ ನಿಮಿಷ ಸಾಕು. ಇದರಲ್ಲಿ ಉತ್ತೀರ್ಣವಾದ ದೀಪಕ್ಕೆ ದಾರಿಯಲ್ಲಿ ಯಾರೂ ದಂಡ ವಿಧಿಸಬಾರದೆಂಬ ಒಂದು ಸುತ್ತೋಲೆಯನ್ನು ಸಾರಿಗೆ ಆಯುಕ್ತರು ಬರುವ ಸುಗ್ಗಿಗೆ ಮುಂಚೆ ಹೊರಡಿಸಲಿ.