ಅಗ್ನಿವೀರನ ಪಗಾರ, ನಮ್ಮ ಪಟ್ಟಿ



ಸ್ವಲ್ಪ ಉದ್ದ ಐತಿ. ಪುರುಸೊತ್ತು ಇದ್ದಾಗ ಓದ್ರಿ.

ಹೋದ ತಿಂಗಳು ನಮ್ಮ ಕೇರಿಯ ಹುಡುಗನೊಬ್ಬನನ್ನು ಕಳಿಸಿಕೊಡಲು ತಳಕಲ್ ಸ್ಟೇಷನ್ನಿಗೆ ಹೋಗಿದ್ದೆ. ರಜೆ ಮುಗಿಸಿ ಡ್ಯೂಟಿಗೆ ಹೊರಟಿದ್ದ. ಅಗ್ನಿವೀರ. 2023ರ ಜನವರಿಯಲ್ಲಿ ತರಬೇತಿಗೆ ಹೋದ ಮೊದಲನೇ ಬ್ಯಾಚಿನವನು. ಅವರವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಕಟ್ಟೆ ಮೇಲೆ ಕುಂತಿದ್ದಳು. ಗಾಡಿ ತಡ ಇತ್ತು. ಅವ ನನ್ನನ್ನ ಈ ಕಡೆ ಕರಕೊಂಡು ಬಂದು ಮೆಲ್ಲಗೆ ಅಂದ: "ಕಾಕಾ, ಒಂದೆರಡು ಸಾವಿರ ಇದ್ರ ಹಾಕ್ರಿ. ಒಂದನೇ ತಾರೀಖಿಗೆ ವಾಪಸ್ ಹಾಕ್ತೀನಿ. ಅವ್ವಗ ಹೇಳಬ್ಯಾಡ್ರಿ."

ಊರಿಗೆಲ್ಲಾ "ಮಿಲಿಟರಿ ನೌಕರಿ ಹಿಡದಾನ" ಅಂತ ಹೆಸರಾದ ಹುಡುಗ ದಾರಿಖರ್ಚಿಗೆ ನನ್ನ ಕಡೆ ಕೇಳ್ತಾನಲ್ಲ ಅಂತ ಸಿಟ್ಟೂ ಬಂತು. "ಪಗಾರ ಏನ್ ಮಾಡ್ತೀಯೋ ತಮ್ಮಾ?" ಅಂದೆ. ಅವ ಫೋನ್ ತೆಗೆದು ಲೆಕ್ಕ ತೋರಿಸಿದ. ಆಮೇಲೆ ನನ್ನ ಸಿಟ್ಟು ಇಳೀತು.

ಮೂರನೇ ವರ್ಷದ ಅಗ್ನಿವೀರನ ಪಗಾರ 36,500. ಅದರಲ್ಲಿ ನೂರಕ್ಕೆ 30ರಷ್ಟು ಸೇವಾ ನಿಧಿಗೆ ಹೋಗುತ್ತೆ. ಕೈಗೆ ಬರೋದು 25,550. ಅದರೊಳಗೆ ಮನೆಗೆ 12,000. ಅಪ್ಪನ ಗುಳಿಗೆ, ಕಿರಾಣಿ, ಅವ್ವನ ಸಂಘದ ಕಂತು ಎಲ್ಲಾ ಅದರಾಗ. ತಂಗಿ ಮದುವೆಗೆ ತೆಗೆದ ಬ್ಯಾಂಕ್ ಲೋನಿನ ಕಂತು 5,500. ಬೈಕಿನ ಕಂತು 4,200. (ಬೈಕು ಊರಾಗ ಐತಿ, ತಮ್ಮ ಹೊಡೀತಾನ. ಇವ ವರ್ಷಕ್ಕ ಒಂದು ತಿಂಗಳು ಬಂದಾಗ ಹಿಂದಿನ ಸೀಟಿನಾಗ ಕೂಡ್ತಾನ.) ಇನ್ನೊಂದು 1,800. "ಇದೇನೋ?" ಅಂದೆ. ಭರ್ತಿಗೆ ಮುಂಚೆ ಡಿಫೆನ್ಸ್ ಅಕಾಡೆಮಿ ಫೀ, ಊಟ, ಬೂಟು ಅಂತ ಅವರಪ್ಪ ಊರಿನ ದೊಡ್ಡವರೊಬ್ಬರ ಹತ್ತಿರ ತಂದ 60,000ದ ಬಡ್ಡಿ. ತಿಂಗಳಿಗೆ ನೂರಕ್ಕೆ ಮೂರು.

ಎಲ್ಲಾ ಕಳೆದರೆ ಉಳಿಯೋದು 2,050.

ಆ 1,800ನ್ನು ಅಲ್ಲೇ ಗುಣಿಸಿದೆ. 36 ತಿಂಗಳಿಗೆ 64,800. ಅಂದರೆ ಬಡ್ಡಿನೇ ಅಸಲು ದಾಟಿ ಹೋಗೈತಿ, ಅಸಲು 60,000 ಹಂಗೇ ನಿಂತೈತಿ. ಹುಡುಗನಿಗೆ ಇದು ಗೊತ್ತೇ ಇರಲಿಲ್ಲ. ತಿಂಗಳಾ ತಿಂಗಳಾ ಹಾಕ್ತಿದ್ದ, ಅಷ್ಟೇ.

ಕರ್ನಾಟಕದಲ್ಲಿ ಮಿತಿಮೀರಿದ ಬಡ್ಡಿ ವಸೂಲಿ ತಡೆಯೋ ಕಾನೂನು 2004ರಿಂದಲೇ ಇದೆ. ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ ಶಿಕ್ಷೆ ಅಂತ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಇದನ್ನು ಹೇಳಿದರೆ ಹುಡುಗ ನಕ್ಕ. "ಕಾಕಾ, ನಮ್ಮಪ್ಪ ಅವರ ಹೊಲದಾಗ ದುಡೀತಾನ." ಮುಗೀತು. ಆ ಒಂದು ಮಾತಿಗೆ ಯಾವ ಕಾನೂನಿನಲ್ಲೂ ಉತ್ತರ ಇಲ್ಲ.

ಇವನ ಜೊತೆಗೇ ಭರ್ತಿಯಾದ ಪಕ್ಕದ ಊರಿನ ಇನ್ನೊಬ್ಬ ಹುಡುಗ ಇದ್ದಾನೆ. ಮನೆಯಲ್ಲಿ ಎಂಟು ಎಕರೆ ಎರೆ ಹೊಲ. ಜೋಳ, ಕಡ್ಲಿ ಬೆಳೀತಾರೆ. ಅವ ಮನೆಗೆ ಒಂದು ರೂಪಾಯಿ ಕಳಿಸಬೇಕಾಗಿಲ್ಲ. ಮೂರು ವರ್ಷದಾಗ ಕುಕನೂರಿನಲ್ಲಿ ಒಂದು ಪ್ಲಾಟ್ ಹಿಡಿದಿದ್ದಾನೆ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಒಳ್ಳೇ ಹುಡುಗ. ಆದರೆ ಅದೇ ಯೂನಿಫಾರ್ಮು, ಅದೇ ಮೆಸ್ಸು, ಅದೇ ಕ್ಯಾಂಟೀನು, ಅದೇ ಪಗಾರ ಚೀಟಿ. ಒಬ್ಬನಿಗೆ ಪಗಾರ ಅಂದರೆ ಉಳಿತಾಯ, ಇನ್ನೊಬ್ಬನಿಗೆ ಪಗಾರ ಅಂದರೆ ಇಡೀ ಮನೆ. "ಸೈನ್ಯದಾಗ ಜಾತಿ ಇಲ್ಲ" ಅನ್ನೋ ಗೆಳೆಯರು ಈ ಎರಡು ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ನೋಡಬೇಕು.

ಈಗ ಯೋಜನೆಯ ಮಾತು. 2022ರ ಜೂನ್ 14ರಂದು ಅಗ್ನಿಪಥ ಘೋಷಣೆ ಆದಾಗ ಎಲ್ಲರ ಕಿವಿಗೆ ಬಿದ್ದದ್ದು ಒಂದೇ ಅಂಕಿ: ನಾಲ್ಕು ವರ್ಷದ ಕೊನೆಗೆ 11.71 ಲಕ್ಷ. ಅದರಲ್ಲಿ 5.02 ಲಕ್ಷ ಹುಡುಗನ ಪಗಾರದಿಂದಲೇ ಹಿಡಿದದ್ದು. ಅಷ್ಟೇ ಸರ್ಕಾರ ಸೇರಿಸುತ್ತೆ, ಮೇಲೆ ಬಡ್ಡಿ. ತೆರಿಗೆ ಇಲ್ಲ. ಗ್ರಾಚ್ಯುಟಿ ಇಲ್ಲ, ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನೋ ದರ್ಜೆಯೂ ಇಲ್ಲ. ನೂರರಲ್ಲಿ ಹೆಚ್ಚೆಂದರೆ 25 ಜನರನ್ನ ಕಾಯಂ ಮಾಡ್ಕೋತಾರೆ. ಉಳಿದವರು ಮನೆಗೆ.

ನಾನು ಇನ್ನೊಂದು ಲೆಕ್ಕ ಹಾಕಿದೆ. ನಾಲ್ಕು ವರ್ಷ ತಿಂಗಳಾ ತಿಂಗಳಾ ಕೈಗೆ ಬರೋದನ್ನು, ಅಂದರೆ 21,000, 23,100, 25,550, 28,000 ಇವನ್ನು ಕೂಡಿಸಿದರೆ 11,71,800 ಆಗುತ್ತೆ. ಕೊನೆಗೆ ಬರೋ ಗಂಟಿನಷ್ಟೇ! ಆ ಗಂಟಿನ ಬಗ್ಗೆ ಮನೆಮಂದಿ ಎಲ್ಲಾ ಕನಸು ಕಾಣ್ತಾರೆ. ಅದರಷ್ಟೇ ದೊಡ್ಡದಾದ ಇನ್ನೊಂದು ಗಂಟು ಕಣ್ಣ ಮುಂದೆಯೇ ಹರಿದು ಹೋಗೋದನ್ನು ಯಾರೂ ನೋಡಲ್ಲ.

ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು ಅಂತ ನಾವು ಭಾಷಣದಲ್ಲಿ ಹೇಳ್ತೀವಿ. ಅವರ ಪಿಂಚಣಿಯ ಬಗ್ಗೆ ಹೇಳಲ್ಲ. ಮಗ ಪುಸ್ತಕ ಕೇಳಿದಾಗ ಕೈಯಲ್ಲಿ ದುಡ್ಡಿಲ್ಲದಿದ್ದರೆ ರಾಮ್‌ಜಿ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗ್ತಿದ್ದರು. ಅಲ್ಲೂ ದುಡ್ಡಿಲ್ಲದಿದ್ದರೆ ಅವರ ಒಡವೆ ಇಸಕೊಂಡು ಅಡವಿಟ್ಟು ಪುಸ್ತಕ ತರ್ತಿದ್ದರು. ಪಿಂಚಣಿ ಬಂದ ಕೂಡಲೇ ಬಿಡಿಸಿ ವಾಪಸ್ ಕೊಡ್ತಿದ್ದರು. ಇದನ್ನು ಬಾಬಾಸಾಹೇಬರೇ ನೆನೆದಿದ್ದಾರೆ. ಒಡವೆ ಅಡವಿಡೋ ಧೈರ್ಯ ಆ ಮನೆಗೆ ಎಲ್ಲಿಂದ ಬಂತು? ಮುಂದಿನ ತಿಂಗಳು ಪಿಂಚಣಿ ಬಂದೇ ಬರುತ್ತೆ ಅನ್ನೋದರಿಂದ.

1890ರ ದಶಕದಲ್ಲಿ ಬ್ರಿಟಿಷರು ಮಹಾರರಿಗೆ ಸೈನ್ಯದ ಬಾಗಿಲು ಹಾಕಿದರು. ಅರ್ಜಿ ಮೇಲೆ ಅರ್ಜಿ ಹೋದವು. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದದ್ದು 1941ರ ಅಕ್ಟೋಬರಿನಲ್ಲಿ, ನಮ್ಮ ಬೆಳಗಾವಿಯಲ್ಲೇ. ನಮ್ಮವರು ಆ ಬಾಗಿಲಿಗಾಗಿ ಅಷ್ಟು ಗುದ್ದಾಡಿದ್ದು ಬಂದೂಕಿನ ಆಸೆಗಲ್ಲ. ಪಗಾರ, ಮಕ್ಕಳಿಗೆ ಸಾಲಿ, ಪಿಂಚಣಿ. ಈಗ ಬಾಗಿಲು ತೆರೆದೇ ಇದೆ, ಪಿಂಚಣಿ ಮಾತ್ರ ತೆಗೆದಿದ್ದಾರೆ. ಇದನ್ನು ವಿರೋಧಿಸಲೇಬೇಕು. ನಾನೂ ಕೊಪ್ಪಳದಲ್ಲಿ ಧರಣಿ ಕುಂತವನೇ.

ಆದರೆ ಮೊದಲನೇ ಬ್ಯಾಚು 2027ರ ಶುರುವಿಗೆ ಹೊರಗೆ ಬರುತ್ತೆ. ಇನ್ನು ಒಂದೇ ವರ್ಷ. ಯೋಜನೆ ರದ್ದಾಗೋತನಕ ಈ ಹುಡುಗ ಕಾಯೋಕಾಗಲ್ಲ.

ಕೆಲವು ಸಂಗಾತಿಗಳು ಅನ್ನಬಹುದು: ವ್ಯವಸ್ಥೆ ಮಾಡಿದ ತಪ್ಪಿಗೆ ಬಡವನಿಗೆ ಉಳಿತಾಯದ ಪಾಠ ಹೇಳ್ತೀಯಾ ಅಂತ. ಈ ಮಾತನ್ನ ನಾನೇ ಹಿಂದೆ ಬೇರೆಯವರಿಗೆ ಅಂದಿದ್ದೆ. ಈಗ ಹಂಗನ್ನಿಸಲ್ಲ. 1923ರಲ್ಲಿ ರೂಪಾಯಿಯ ಸಮಸ್ಯೆ ಮೇಲೆ ಪುಸ್ತಕ ಬರೆದವರು ನಮ್ಮ ನಾಯಕರು. ದುಡ್ಡಿನ ಲೆಕ್ಕ ನಮ್ಮದಲ್ಲ ಅಂತ ನಾವು ಯಾಕೆ ಸೇಠುಗಳಿಗೆ ಬಿಟ್ಟುಕೊಡಬೇಕು?

ಸ್ಟೇಷನ್ನಿನಾಗ ಕುಂತು ಹುಡುಗನಿಗೆ ಹೇಳಿದ್ದು ಇಷ್ಟು. ಜನವರಿಯಿಂದ ನಾಲ್ಕನೇ ವರ್ಷ, ಕೈಗೆ 28,000 ಬರುತ್ತೆ. ಹೆಚ್ಚಾಗೋ 2,450ನ್ನು ಮನೆಗೆ ಹೇಳಬೇಡ. ಹೌದು, ಅವ್ವಗೂ ಹೇಳಬೇಡ. ಬೈಕು ಮಾರು, ಲೋನ್ ತೀರಿಸು. ತಮ್ಮ ಎರಡು ದಿನ ಮಾತು ಬಿಡ್ತಾನ, ಮೂರನೇ ದಿನ ಸರಿ ಹೋಗ್ತಾನ. ಕಂತಿನ 4,200 ಸೇರಿಸಿದರೆ 6,650 ಆಯ್ತು. ಅದನ್ನೆಲ್ಲಾ ಆ 60,000ದ ಅಸಲಿಗೆ ಹಾಕು, ವರ್ಷದೊಳಗೆ ತೀರುತ್ತೆ. ವರ್ಷಕ್ಕೆ ನೂರಕ್ಕೆ 36 ಬಡ್ಡಿ ತಿನ್ನೋ ಸಾಲ ಇಟ್ಕೊಂಡು ಬ್ಯಾಂಕಿನಲ್ಲಿ ನೂರಕ್ಕೆ ಏಳಕ್ಕೆ ಆರ್‌ಡಿ ಮಾಡೋದು ಹುಚ್ಚುತನ.

ಬ್ಯಾರಕ್ಕಿನಲ್ಲಿ ಗೆಳೆಯರು ಫೋನಿನೊಳಗೆ ಆಪ್ಷನ್ ಟ್ರೇಡಿಂಗ್ ಮಾಡ್ತಾರಂತೆ. ಬೇಡ ಅಂದೆ. ಮೂರು ವರ್ಷದ ಲೆಕ್ಕ ತೆಗೆದು ಸೆಬಿ 2024ರಲ್ಲಿ ಹೇಳಿತ್ತು, ಈ ಆಟಕ್ಕೆ ಇಳಿದ ನೂರು ಮಂದಿಯಲ್ಲಿ 93 ಮಂದಿ ಕಳಕೊಂಡಿದ್ದಾರೆ ಅಂತ.

ಕೊನೆಯ ಗಂಟಿನ ಬಗ್ಗೆ ನನಗೆ ಹೆಚ್ಚು ಭಯ. 11 ಲಕ್ಷ ಒಮ್ಮೆಗೇ ಕೇರಿಗೆ ಬಂದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಮನೆಗೆ ಸ್ಲ್ಯಾಬು, ಇವನ ಮದುವೆ, ಮಾವನಿಗೆ ಕೈಗಡ, ಯಾರದೋ ಪಾಲುದಾರಿಕೆಯಲ್ಲಿ ಟಾಟಾ ಏಸು. ಎರಡು ವರ್ಷ ಕಳೆದ ಮೇಲೆ ಹುಡುಗ ಗಿಣಿಗೇರಿ ಕಡೆ ಕಾರ್ಖಾನೆ ಗೇಟಿನಾಗ ಸೆಕ್ಯುರಿಟಿ. ಅದಕ್ಕೇ ನನ್ನ ಮಾತು: ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಿಗೆ 9 ಲಕ್ಷದವರೆಗೆ ಇಡಬಹುದು. ಈಗಿನ 7.4ರ ಬಡ್ಡಿಗೆ ತಿಂಗಳಿಗೆ 5,550 ಬರುತ್ತೆ, ಐದು ವರ್ಷ. ಸಣ್ಣ ಮೊತ್ತ, ಹೌದು. ಆದರೆ ಅಷ್ಟರಾಗ ಡಿಗ್ರಿ ಓದಬಹುದು, ಪೊಲೀಸ್ ಪರೀಕ್ಷೆ ಬರೆಯಬಹುದು, ಯಾರ ಹೊಲಕ್ಕೂ ಹೋಗದೆ ಇರಬಹುದು. ಐದು ವರ್ಷದ ಮೇಲೆ 9 ಲಕ್ಷ ಹಂಗೇ ವಾಪಸ್.

ಇನ್ನೊಂದು, ಹೇಳೋಕೆ ಮನಸ್ಸು ಬರಲಿಲ್ಲ, ಆದರೂ ಹೇಳಿದೆ. ನಾಮಿನಿ. ಸೇವೆಯಲ್ಲಿದ್ದಾಗ ಜೀವ ಹೋದರೆ 48 ಲಕ್ಷದ ವಿಮೆ ಐತಿ. ಅವನ ದಾಖಲೆಯಲ್ಲಿ ಅವ್ವನ ಹೆಸರು ಹುಲಿಗೆಮ್ಮ. ಆಧಾರಿನಲ್ಲಿ ಹುಲಗವ್ವ. ಬ್ಯಾಂಕಿನಲ್ಲಿ ಇನ್ನೊಂದು ಥರ. ಆ ಹೆಣ್ಣುಮಗಳು ದುಃಖದಾಗ ಮೂರು ಕಚೇರಿ ತಿರುಗಿ ನಾನೇ ಅವಳು ಅಂತ ಸಾಬೀತು ಮಾಡಬೇಕಾ? ಈಗಲೇ ಸರಿ ಮಾಡಿಸು ಅಂದೆ.

ಗಾಡಿ ಬಂತು. ಹತ್ತೋ ಮುಂದೆ ಅವ ನಗುತ್ತಾ ಅಂದ: "ಕಾಕಾ, ಎಲ್ಲಾ ಲೆಕ್ಕ ಹಾಕಿದ್ರಿ, ಜಯಂತಿ ಪಟ್ಟಿ ಹಿಡೀಲಿಲ್ಲ ನೋಡ್ರಿ."

ಹೌದು. ಹೋದ ಏಪ್ರಿಲ್‌ನಲ್ಲಿ ಡಿಜೆಗೆ ಅಂತ ಅವನ ಕಡೆಯಿಂದ 5,000 ಹಾಕಿಸಿಕೊಂಡವನು ನಾನೇ. "ನೀ ಮಿಲಿಟರಿಯವ, ನೀ ಇಷ್ಟೂ ಕೊಡಲಿಲ್ಲ ಅಂದ್ರ ಹೆಂಗ?" ಅಂತ ಫೋನಿನಲ್ಲಿ ಜೋರು ಮಾಡಿದ್ದೆ. ಆ ತಿಂಗಳು ಅವ ಏನು ತಿಂದನೋ, ಯಾರ ಹತ್ತಿರ ಕೈ ಒಡ್ಡಿದನೋ ನಾನು ಕೇಳಿರಲಿಲ್ಲ.

ನನ್ನ ಎರಡು ಸಾವಿರ ಒಂದನೇ ತಾರೀಖಿಗೆ ಸರಿಯಾಗಿ ವಾಪಸ್ ಬಂತು. ಬೈಕು ಇನ್ನೂ ಮಾರಿಲ್ಲ, ತಮ್ಮ ಒಪ್ತಿಲ್ಲವಂತೆ.

ಈ ಸಲ ಏಪ್ರಿಲ್ 14ಕ್ಕೆ ನಮ್ಮ ಕೇರಿಯಲ್ಲಿ ಸೈನ್ಯದಲ್ಲಿರೋ ಹುಡುಗರ ಪಟ್ಟಿ ಇಲ್ಲ. ಡಿಜೆಯೂ ಇಲ್ಲ ಅಂತ ಹೇಳಿದ್ದೀನಿ, ಹುಡುಗರು ನನ್ನ ಮೇಲೆ ಸಿಟ್ಟಾಗ್ಯಾರ, ಆಗಲಿ. ಆವತ್ತು ಬೆಳಗ್ಗೆ ಸಮುದಾಯ ಭವನದಾಗ ಒಂದು ಟೇಬಲ್ ಹಾಕ್ತೀವಿ. ಸೈನಿಕರ ಮನೆಯವರು ಪಾಸ್‌ಬುಕ್, ಆಧಾರ್, ಸಾಲದ ಚೀಟಿ ತರಬೇಕು. ಹೆಸರು ತಪ್ಪಿದ್ದನ್ನ ಗುರುತು ಹಾಕಿಕೊಳ್ಳೋದು, ಬಡ್ಡಿ ಲೆಕ್ಕ ಹಾಕಿಕೊಡೋದು ಇಷ್ಟೇ ಕೆಲಸ. ಕುಕನೂರು, ಯಲಬುರ್ಗಾ, ಕೊಪ್ಪಳದ ಬ್ಯಾಂಕು, ಪೋಸ್ಟ್ ಆಫೀಸಿನಲ್ಲಿರೋ ನಮ್ಮವರು ಯಾರಾದರೂ ಅರ್ಧ ದಿನ ಬರಂಗಿದ್ದರೆ ಇನ್‌ಬಾಕ್ಸಿಗೆ ಬರ್ರಿ. ಊಟ ನಮ್ಮದು.