ಬಿಚ್ಚುವವನ ಕಷ್ಟ

1985ರಲ್ಲಿ ಅಮೆರಿಕದ ರಾಸ್ ಫ್ರೀಮನ್ ಕಲ್ಪಿಸಿದ ವಿಚಿತ್ರವಾದ ಚಿಪ್ಪೊಂದು ಮಾರುಕಟ್ಟೆಗೆ ಬಂದಿತು. ಕಾರ್ಖಾನೆಯಿಂದ ಹೊರಬಂದ ಮೇಲೂ ಅದರೊಳಗಿನ ವಿದ್ಯುನ್ಮಂಡಲವನ್ನು ಬೇಕಾದಂತೆ ಮರುಜೋಡಿಸಬಹುದಾಗಿತ್ತು. ಅದರಲ್ಲಿದ್ದ ತರ್ಕಘಟಕಗಳು 64. ಎಫ್‌ಪಿಜಿಎ ಎನಿಸಿಕೊಳ್ಳುವ ಇಂದಿನ ದೊಡ್ಡ ಚಿಪ್ಪುಗಳಲ್ಲಿ ಅವು ಲಕ್ಷಗಟ್ಟಲೆ ಇವೆ.

ಅಡಕಗೊಳಿಸಿ ಕಳುಹಿಸಿದ ವಿಡಿಯೋವನ್ನು ಬಿಡಿಸಿ ತೋರುವ ಡಿಕೋಡರಿಗೆ ಇದಕ್ಕಿಂತ ತಕ್ಕ ನೆಲೆ ಯಾವುದು? 1920ಕ್ಕೆ 1080 ಚುಕ್ಕೆಗಳ ಚಿತ್ರವು ಸೆಕೆಂಡಿಗೆ 30 ಬಾರಿ ಮೂಡಬೇಕಾದರೆ ಆರು ಕೋಟಿಗೂ ಮಿಕ್ಕಿದ ಚುಕ್ಕೆಗಳನ್ನು ಲೆಕ್ಕಹಾಕಬೇಕು. ಆದರೇನು, ಸಾವಿರ ಕೈಗಳು ಒಮ್ಮೆಲೇ ದುಡಿಯುತ್ತವೆಯಲ್ಲ!

ತೊಡಕಿರುವುದು ಹೊಸ್ತಿಲಲ್ಲಿಯೇ. 2003ರ ಎಚ್.264 ಪದ್ಧತಿಯು ‘ಕ್ಯಾಬ್ಯಾಕ್’ ಎಂಬ ಸಂಕೇತಕ್ರಮಕ್ಕೆ ಎಡೆಗೊಟ್ಟಿತು. ಅದರಲ್ಲಿ ಒಂದು ಸಂಕೇತವನ್ನು ಬಿಡಿಸಿದ ಹೊರತು ಮುಂದಿನದು ತಿಳಿಯದು. ಸಿಕ್ಕಾದ ನೂಲನ್ನು ಹತ್ತು ಮಂದಿ ಎಳೆದರೆ ಸಿಕ್ಕು ಬಿಗಿಯುವುದೇ ಹೊರತು ಬಿಡದು. ಮರುಜೋಡಣೆಯ ಸೌಲಭ್ಯಕ್ಕಾಗಿ ವೇಗವನ್ನು ತೆತ್ತಿರುವ ಈ ಚಿಪ್ಪಿನಲ್ಲಿ ಒಂಟಿ ಕೈಯ ಓಟವೂ ನಿಧಾನ. ಇಲ್ಲಿ ಸರದಿ ತಡೆದರೆ ಉಳಿದ ಕೈಗಳೆಲ್ಲ ಕಟ್ಟಿ ಕುಳಿತಂತೆಯೇ.

2013ರ ಎಚ್.265 ಒಂದು ದಾರಿಯನ್ನು ತೆರೆಯಿತು: ಮೇಲಿನ ಸಾಲಿನ ಎರಡು ಚೌಕಗಳು ಬಿಡಿಸಿಕೊಂಡೊಡನೆ ಕೆಳಗಿನ ಸಾಲನ್ನು ಆರಂಭಿಸಬಹುದು. ಆದರೆ ವಿಡಿಯೋವನ್ನು ಅಡಕಗೊಳಿಸುವಾಗಲೇ ಹಾಗೆ ಕಟ್ಟಿರಬೇಕು. ಬಿಚ್ಚುವವನ ಜಾಣ್ಮೆಯೊಂದೇ ಸಾಲದು. ಕಟ್ಟುವವನಿಗೆ ಅವನ ನೆನಪಿರಬೇಕು.