ಟಿಕೆಟ್ಟು ಬಂತು, ಬಸ್ಸೆಲ್ಲಿ?

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ,

ಬೆಳಗಿನ ಪಾಳಿಯ ಹೊತ್ತಿಗೆ ಶಿರಾ ಗೇಟಿಗೆ ಹೋಗಿ ನಿಲ್ಲಿ. ವಸಂತನರಸಾಪುರದ ಕಾರ್ಖಾನೆಗಳಿಗೆ ಹೊರಟವರು, ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಗೆ ಚೀಲ ಹಿಡಿದು ಹೊರಟವರು, ಎಲ್ಲರ ಕಣ್ಣೂ ರಸ್ತೆಯ ಮೇಲೆ. ಬಸ್ಸು ತುಂಬಿ ತುಳುಕುತ್ತ ಬಂದು ನಿಲ್ಲದೆ ಹೋದರೆ, ಹೋದದ್ದು ಬಸ್ಸೊಂದೇ ಅಲ್ಲ. ಒಬ್ಬನ ಅರ್ಧ ದಿನದ ಕೂಲಿ, ಇನ್ನೊಬ್ಬನ ದಿನದ ವ್ಯಾಪಾರವೂ ಅದರ ಹಿಂದೆಯೇ ಹೋಯಿತು.

ಈಗ ಪ್ರಯಾಣಿಕನಿಗೆ "ಗ್ರಾಹಕ" ಎಂಬ ಹೊಸ ಬಿರುದು ಬಂದಿದೆ. ಗ್ರಾಹಕನಿಗೆ ಮೌಲ್ಯ ಒದಗಿಸುತ್ತೇವೆ ಎಂದು ಸೇವಾ ಸಂಸ್ಥೆಗಳೆಲ್ಲ ಭಾಷಣ ಮಾಡುತ್ತವೆ. ಯಾವ ಮೌಲ್ಯ ಸ್ವಾಮಿ? ಸೋಪನ್ನು ಇಂದು ಮಾರದಿದ್ದರೆ ನಾಳೆ ಮಾರಬಹುದು. ಮಧ್ಯಾಹ್ನ ಖಾಲಿ ಓಡಿದ ಸೀಟನ್ನು ಸಂಜೆಯ ಪಾಳಿಗೆ ಕೂಡಿಡಲು ಬರುತ್ತದೆಯೇ? ಬೇಕಾದ ಹೊತ್ತಿಗೆ ಬಾರದ ಬಸ್ಸಿನ ಬೆಲೆ ಸೊನ್ನೆ.

ಇದನ್ನು ಅರಿತೇ 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆಯನ್ನು ತಾನೇ ನಡೆಸಲು ಮುಂದಾಯಿತು. 1961ರಲ್ಲಿ ಅದು ನಿಗಮವಾಯಿತು. ಲಾಭವಿದ್ದ ಕಡೆ ಮಾತ್ರ ಓಡುವುದು ಖಾಸಗಿ ಮಾಲೀಕನ ಧರ್ಮ. ಜನರಿದ್ದ ಕಡೆ ಓಡುವುದು ಸಾರ್ವಜನಿಕ ಸಾರಿಗೆಯ ಧರ್ಮ. ಆ ಧರ್ಮ ಇಂದು ಉಳಿದಿದೆಯೇ?

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ನಮ್ಮ ಅಕ್ಕ ತಂಗಿಯರು ಕೈಯಲ್ಲಿ ಕಾಸಿಲ್ಲದಿದ್ದರೂ ದುಡಿಮೆಗೆ ಹೋಗುವಂತಾಯಿತು. ಇದನ್ನು ಬಿಟ್ಟಿ ಭಾಗ್ಯವೆಂದು ಹೀಯಾಳಿಸುವ ಕಾರಿನ ಸಾಹುಕಾರರ ಸಂಗಡ ನಮ್ಮ ದನಿ ಸೇರದು. ಆದರೆ ಸರ್ಕಾರವನ್ನು ಕೇಳುತ್ತೇವೆ: ಶೂನ್ಯ ಟಿಕೆಟ್ಟು ಅಚ್ಚಾದಷ್ಟು ಬೇಗ ಬಸ್ಸುಗಳೇಕೆ ಹೆಚ್ಚಲಿಲ್ಲ? 2025ರ ಜನವರಿ 5ರಿಂದ ದರವನ್ನು ಶೇಕಡ 15ರಷ್ಟು ಏರಿಸಿದಿರಿ. ಹೆಂಡತಿಯ ಟಿಕೆಟ್ಟಿನಲ್ಲಿ ಉಳಿದ ಕಾಸು ಗಂಡನ ಟಿಕೆಟ್ಟಿನಲ್ಲಿ ಸೋರಿಹೋಗಬೇಕೇ?

ಇನ್ನು ಬಸ್ಸು ಓಡಿಸುವವರ ಪಾಡೇನು? 38 ತಿಂಗಳ ವೇತನ ಬಾಕಿ ಕೊಡಿರೆಂದು ಸಾರಿಗೆ ನೌಕರರು 2025ರ ಆಗಸ್ಟ್ 5ರಂದು ಮುಷ್ಕರ ಹೂಡಬೇಕಾಯಿತು. ಸೇವೆಯ ಮೌಲ್ಯ ಹುಟ್ಟುವುದು ಆ ಚಾಲಕನ ತೋಳಿನಲ್ಲಿ, ನೂಕುನುಗ್ಗಲಿನಲ್ಲಿ ನಿಂತು ಟಿಕೆಟ್ಟು ಹರಿಯುವ ಕಂಡಕ್ಟರನ ಕಾಲಿನಲ್ಲಿ. ನಾವು ಅವನನ್ನು ಬೈಯುತ್ತೇವೆ, ಅವನು ನಮ್ಮ ಮೇಲೆ ರೇಗುತ್ತಾನೆ. ಇಬ್ಬರನ್ನೂ ಈ ಗತಿಗೆ ತಂದವರು ಮೇಲೆ ಕುಳಿತು ತಮಾಷೆ ನೋಡುತ್ತಾರೆ!

ನಮ್ಮ ಬೇಡಿಕೆಗಳು ಸರಳ. ಪಾಳಿ ಬದಲಾಗುವ ಹೊತ್ತಿಗೆ ಹೆಚ್ಚು ಬಸ್ಸು ಬಿಡಿ. ಶಿರಾ ಗೇಟಿನಲ್ಲಿ ವೇಳಾಪಟ್ಟಿಯ ಹಲಗೆ ಹಾಕಿ, ಅದರಂತೆ ನಡೆಯಿರಿ. ಶಕ್ತಿ ಯೋಜನೆಗಾಗಿ ನಿಗಮಕ್ಕೆ ಸಲ್ಲಬೇಕಾದದ್ದೆಷ್ಟು, ಸಂದದ್ದೆಷ್ಟು ಎಂಬ ಲೆಕ್ಕವನ್ನು ತಿಂಗಳು ತಿಂಗಳು ಜನರ ಮುಂದಿಡಿ. ನೌಕರರಿಗೆ ಸಲ್ಲಬೇಕಾದ ಬಾಕಿಯನ್ನು ಚುಕ್ತಾ ಮಾಡಿ.

ಬಂಧುಗಳೇ, ನಾವು ಗಿರಾಕಿಗಳಲ್ಲ. ಗಿರಾಕಿ ಈ ಅಂಗಡಿ ಬೇಡವೆಂದರೆ ಪಕ್ಕದ ಅಂಗಡಿಗೆ ಹೋದಾನು. ನಾವು ಎಲ್ಲಿಗೆ ಹೋಗೋಣ? ಈ ಬಸ್ಸುಗಳು ನಮ್ಮ ತೆರಿಗೆಯಿಂದ, ನಮ್ಮ ಟಿಕೆಟ್ಟಿನಿಂದ ಓಡುತ್ತಿವೆ. ಕಂಡಕ್ಟರನ ಕೈ ಹಿಡಿದುಕೊಂಡೇ ಡಿಪೋದ ಬಾಗಿಲಿಗೆ ಹೋಗೋಣ. ಅಂಗಲಾಚುವುದು ಬೇಡ, ಒಡೆಯರಾಗಿ ಲೆಕ್ಕ ಕೇಳೋಣ.